ಪರದೆ ಸವರಿದ ಕೈ

"ನನ್ನ ಕೈ ಯಾಕೆ ಉಳಿಸಿದ್ರಿ?" ವಿಡಿಯೋ ಪ್ರದರ್ಶನದ ಕತ್ತಲೆ ಕೋಣೆಯಿಂದ ಹೊರಬಂದವಳೇ ಅವಳು ಕಲಾವಿದನ ಮೇಲೆ ಹರಿಹಾಯ್ದಳು. "ಎಡಿಟಿಂಗ್‌ನಲ್ಲಿ ತೆಗೀತೀನಿ ಅಂದಿದ್ರಲ್ಲ!"

"ಆಗ್ಲಿಲ್ಲ."

"ಆಗ್ಲಿಲ್ವೋ, ಮನಸ್ಸು ಬರ್ಲಿಲ್ವೋ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಓರೆಗಣ್ಣಿನಲ್ಲಿ ಅವಳತ್ತ ನೋಡಲು ಹೋಗಿ ಸಿಕ್ಕಿಬಿದ್ದ, ಕಿವಿ ಕೆಂಪಾಯಿತು. ಅವಳ ಕೋಪ ಅಲ್ಲೇ ಅರ್ಧ ಇಳಿಯಿತು.

ಅವನ ವಿಡಿಯೋ ಕೃತಿ ಇಷ್ಟೇ: ನಾಲ್ಕೂ ಗೋಡೆಗಳ ಮೇಲೆ ಕಿಟಕಿಯ ಬಿಳಿ ಪರದೆಯೊಂದು ಉಬ್ಬುತ್ತದೆ, ಇಳಿಯುತ್ತದೆ. ನೆಲದಡಿಯ ಸ್ಪೀಕರ್‌ಗಳ ಗುಂಯ್‌ಗುಡುವಿಕೆ ಅಂಗಾಲಿನಿಂದ ಮೇಲೇರುತ್ತದೆ. ಆ ಶಬ್ದ ಅವಳದು, ಅವಳು ಸೌಂಡ್ ಎಂಜಿನಿಯರ್. ಕೋಣೆಯಲ್ಲಿ ಫ್ಯಾನೂ ಇಲ್ಲ, ಎಸಿಯೂ ಇಲ್ಲ. ಆದರೂ ಒಳಗೆ ಹೋದವರು ಚಳಿಗೆ ತೋಳು ಉಜ್ಜಿಕೊಳ್ಳುತ್ತಿದ್ದರು, ಹಾರದೇ ಇದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದರು.

ಶೂಟಿಂಗ್ ದಿನ ಗಾಳಿ ಕೈಕೊಟ್ಟಿತ್ತು. ಅವಳೇ ರಟ್ಟು ಹಿಡಿದು ಪರದೆಗೆ ಬೀಸಿದ್ದಳು. ಬೀಸಿ ಬೀಸಿ ಸೋತ ಕೈ ಚಿತ್ರದ ಚೌಕಟ್ಟಿನೊಳಗೆ ಬಂದು, ಪರದೆಯನ್ನು ಒಮ್ಮೆ ಸವರಿ ಹೋಗುತ್ತದೆ. ಕ್ಯಾಮೆರಾ ಅದರ ಹಿಂದೆಯೇ ಹೋಗಿ, ಕೈ ಮರೆಯಾದ ಜಾಗದಲ್ಲೇ ನಿಂತುಬಿಡುತ್ತದೆ. ಪೂರ್ತಿ ಚಿತ್ರವನ್ನು ಅವಳು ನೋಡಿದ್ದು ಪ್ರದರ್ಶನ ಶುರುವಾದ ಇವತ್ತೇ.

ಗಂಡ ತೀರಿಕೊಂಡ ಮೇಲೆ ಅವಳ ಮೈಗೆ ಬಿಸಿಲೂ ಒಂದೇ, ನೆರಳೂ ಒಂದೇ ಆಗಿತ್ತು. ಇವತ್ತು ಆ ಕೋಣೆಯಲ್ಲಿ ಇಲ್ಲದ ಗಾಳಿಯೇ ಕುತ್ತಿಗೆಗೆ ತಾಗಿ ರೋಮ ನಿಮಿರಿತ್ತು. ಕಲಾವಿದನಿಗೆ ತಾನು ಬೇಕು ಎಂದು ಅವಳಿಗೆ ಮೊದಲೇ ತಿಳಿದಿತ್ತು. ತನಗೂ ಅವನು ಬೇಕು ಎಂದು ತಿಳಿದಾಗ ಅವಳಿಗೆ ಭಯವಾಗಿತ್ತು.

"ನಾಳೆ ನಮ್ಮತ್ತೆ ಬರ್ತಾರೆ," ಎಂದಳು ಮೆಲ್ಲಗೆ. "ಇದ್ದ ಒಬ್ಬ ಮಗನ್ನ ಕಳ್ಕೊಂಡವರು. ನನ್ನ ಬಿಟ್ರೆ ಅವರಿಗೆ ಯಾರಿದ್ದಾರೆ? ಇದನ್ನ ನೋಡಿದ್ರೆ ಅವರಿಗೆ ಎಲ್ಲಾ ಗೊತ್ತಾಗಿಬಿಡುತ್ತೆ."

"ನೀವು ಹೇಳಿದ್ರೆ ಈಗ್ಲೇ ತೆಗೀತೀನಿ." ಅವನ ದನಿ ಸಣ್ಣದಾಯಿತು. "ಮತ್ತೆ ಯಾವತ್ತೂ ಏನೂ ಕೇಳಲ್ಲ."

ಹೂಂ ಎನ್ನಲು ಅವಳು ಬಾಯಿ ತೆರೆದಳು.

"ಬೇಡ, ಇರ್ಲಿ," ಎಂದಳು.

ಮರುದಿನ ಅತ್ತೆ ಒಳಗೆ ಹೋದರು. ಜೊತೆಗೆ ಹೋದವರೆಲ್ಲ ಹೊರಬಂದರೂ ಅವರು ಬರಲಿಲ್ಲ. ಅವಳು ಹುಡುಕಿಕೊಂಡು ಹೋದಾಗ, ಶಾಲನ್ನು ಬಿಗಿಯಾಗಿ ಹೊದ್ದು ಗೋಡೆಯೆದುರು ನಿಂತಿದ್ದರು.

"ನಿನ್ನ ಕೈಯಲ್ವೇನೇ ಅದು?"

"ಹೌದತ್ತೆ."

"ನನ್ನ ಮಗ ಹಾಸಿಗೆ ಹಿಡಿದಾಗ ನೀನು ಅವನ ಹಣೆ ಹೀಗೇ ಸವರ್ತಿದ್ದೆ." ಅತ್ತೆ ಕಣ್ಣೊರೆಸಿಕೊಂಡರು. "ಕೈ ಹೋದ ಮೇಲೂ ಕಣ್ಣು ಕೀಳದೆ ಇದನ್ನ ಶೂಟ್ ಮಾಡಿದವನು ಎಲ್ಲಿ?"

"ಬಾಗಿಲ ಹತ್ರ ಇದ್ದಾರೆ."

"ನಿನಗೆ ಬೇಕಾದವನಾ?"

ಈ ಹೆಂಗಸಿಗೆ ಅವಳು ಸುಳ್ಳು ಹೇಳಿದ್ದೇ ಇಲ್ಲ. "ಹೂಂ ಅತ್ತೆ. ಆದ್ರೆ ನಿಮ್ಮನ್ನ ಬಿಟ್ಟು ನಾನು..."

"ನನ್ನ ಬಿಡು ಅಂತ ಯಾರು ಹೇಳಿದ್ರು, ಪೆದ್ದಿ? ಮಗನ್ನ ಮಣ್ಣು ಮಾಡಿದೀನಿ. ಜೀವ ಇರೋ ನಿನ್ನನ್ನೂ ಮಣ್ಣು ಮಾಡ್ಲಾ?"

ಅವಳು ಅತ್ತೆಯ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ಬೆನ್ನು ನೀವುತ್ತಲೇ ಬಾಗಿಲ ಕಡೆ ತಿರುಗಿ ದನಿ ಏರಿಸಿದರು.

"ಏನಪ್ಪಾ, ಅಲ್ಲೇ ನಿಂತು ಏನ್ ಮಾಡ್ತಿದೀಯಾ? ಒಳಗೆ ಬಾ."