ಲೋಟದ ನೀರಿನ ದೀಕ್ಷೆ

"ಆ ಅಂಗಿ ಕೆಳಗಿಡು! ನನ್ನ ಮೊಮ್ಮಗಳು ಅದನ್ನ ತೊಟ್ಕೊಂಡು ಇವರ ಚರ್ಚಿನ ಮೆಟ್ಟಿಲು ಹತ್ತೋದಿಲ್ಲ!"

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೊಸೆ ಬೆಚ್ಚಿಬಿದ್ದಳು. ಬಾಗಿಲಲ್ಲಿ ಅವಳ ಅಪ್ಪ! ಮದುವೆಯಾದ ಮೂರು ವರ್ಷದಲ್ಲಿ ಒಮ್ಮೆಯೂ ಮಗಳ ಮನೆಯ ಹೊಸ್ತಿಲು ತುಳಿಯದವರು, ಇವತ್ತು ಚಪ್ಪಲಿಯನ್ನೂ ಬಿಡದೆ ನಡುಮನೆಗೆ ಬಂದು ನಿಂತಿದ್ದರು. ಕಥೋಲಿಕರ ದೊಡ್ಡ ಚರ್ಚಿನಲ್ಲಿ ನಲವತ್ತು ವರ್ಷ ಗಂಟೆ ಬಾರಿಸಿ ಊರವರ ಬಾಯಲ್ಲಿ ಗಂಟೆಯಪ್ಪ ಎಂದೇ ಆಗಿಹೋಗಿದ್ದ ಮನುಷ್ಯ ಅವರು. ಮಾತಾಡಿದರೂ ಅಷ್ಟೇ, ನಾಲ್ಕು ಬೀದಿಗೆ ಕೇಳಿಸಬೇಕು.

ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ತೀರಿಹೋದ ಪಾಸ್ಟರರ ಹೆಂಡತಿ. ಪ್ರಾಟೆಸ್ಟಂಟ್ ಸಭೆಯವರಿಗೆಲ್ಲ ಪಾಸ್ಟ್ರಮ್ಮ. ಆಕೆ ದನಿ ಎತ್ತಿದ್ದನ್ನು ಯಾರೂ ಕೇಳಿದವರಿಲ್ಲ, ಎತ್ತುವ ಅಗತ್ಯವೂ ಬಿದ್ದಿರಲಿಲ್ಲ. "ಬನ್ನಿ ಬೀಗರೇ," ಎಂದರು. 'ಹೋಗಿ' ಅನ್ನುವುದನ್ನೂ ಅಷ್ಟೇ ಮರ್ಯಾದೆಯಿಂದ ಹೇಳಬಲ್ಲವರು ಅವರು. "ಬರೋ ಭಾನುವಾರ ಮಗೂಗೆ ದೀಕ್ಷಾಸ್ನಾನ ಮಾಡಿಸಿ ನಮ್ಮ ಸಭೆಗೆ ಸೇರಿಸ್ಕೋತೀವಿ. ಸಭೇಲೆಲ್ಲ ಹೇಳಿ ಆಗಿದೆ. ನಿಮ್ಮ ಮಗಳೇ ಕೂತು ಅಂಗಿ ಹೊಲೀತಿದ್ದಾಳೆ, ನೋಡಿದ್ರಲ್ಲ?"

ಗಂಟೆಯಪ್ಪ ಮಗಳ ಕಡೆ ತಿರುಗಿದರು. "ಮದುವೆಗೆ ಮುಂಚೆ ಫಾದರ್ ಎದುರಿಗೆ ಏನಂತ ಮಾತು ಕೊಟ್ಟೆ? ಹುಟ್ಟೋ ಮಕ್ಕಳನ್ನ ನಮ್ಮ ಧರ್ಮಸಭೇಲೇ ಬೆಳೆಸ್ತೀನಿ ಅಂದ್ಯೋ ಇಲ್ವೋ?"

ಅಂದಿದ್ದಳು. ಅದೇ ವಾರ ಅವಳ ಗಂಡ ತನ್ನ ತಾಯಿಗೆ ಇದಕ್ಕೆ ತದ್ವಿರುದ್ಧವಾದ ಮಾತು ಕೊಟ್ಟಿದ್ದ. ಮದುವೆಯೊಂದು ಆಗಿಬಿಡಲಿ, ಮಗು ಹುಟ್ಟಿದಾಗ ನೋಡಿಕೊಂಡರಾಯಿತು ಎಂದು ಇಬ್ಬರೂ ಆ ಮಾತುಗಳನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದರು. ಈಗ ಮಗುವಿಗೆ ಎಂಟು ತಿಂಗಳು. ಗಂಡನೆಂಬುವನು ಕಿಟಕಿಯ ಬಳಿ ನಿಂತು, ಚೆನ್ನಾಗಿಯೇ ಇದ್ದ ಚಿಲಕವನ್ನು ರಿಪೇರಿ ಮಾಡುತ್ತಿದ್ದ. ಡಿಪೋದಲ್ಲಿ ಇಡೀ ಬಸ್ಸನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕಿಗೆ ಅಮ್ಮನ ಎದುರು ತುಟಿ ಬಿಚ್ಚಲು ಮಾತ್ರ ಬಾರದು!

ಆದರೆ ಸೊಸೆ ಬಚ್ಚಿಟ್ಟುಕೊಂಡಿದ್ದ ಮಾತು ಬೇರೆಯೇ. ಆ ಬಿಳಿ ಅಂಗಿಯ ಅಗತ್ಯವೇ ಇರಲಿಲ್ಲ... ಮಗುವಿಗೆ ದೀಕ್ಷಾಸ್ನಾನ ಆಗಿಹೋಗಿತ್ತು! ಅವಳೇ ಮಾಡಿಸಿದ್ದಳು, ಹುಟ್ಟಿದ ದಿನವೇ. ಒಮ್ಮೆ ಆದ ಸ್ನಾನವನ್ನು ಇನ್ನೊಮ್ಮೆ ಮಾಡುವುದು ಅಪ್ಪನ ಚರ್ಚಿನಲ್ಲೂ ತಪ್ಪು, ಅತ್ತೆಯ ಚರ್ಚಿನಲ್ಲೂ ತಪ್ಪು. ಬಾಯಿ ಬಿಟ್ಟರೆ, ಯಾರು ಮಾಡಿಸಿದ್ದು, ಮಗು ಯಾವ ಸಭೆಯದು ಎಂದೇ ಇಬ್ಬರೂ ಮೊದಲು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಬಿಡದಿದ್ದರೆ ಭಾನುವಾರ ದೇವರ ಎದುರೇ ಸುಳ್ಳಾಡಬೇಕು. ಯಾವ ಕಡೆ ತಿರುಗಿದರೂ ಗೋಡೆ.

"ಯೇಸುವಿನ ಶಿಷ್ಯ ಪೇತ್ರನಿಂದ ಇವತ್ತಿನವರೆಗೂ ಒಬ್ಬರ ತಲೆ ಮೇಲೆ ಇನ್ನೊಬ್ಬರು ಕೈಯಿಟ್ಟು ನಡಕೊಂಡು ಬಂದ ಸಭೆ ನಮ್ಮದು," ಗಂಟೆಯಪ್ಪ ಗುಡುಗಿದರು. "ಅದೊಂದೇ ಮನೆ. ಜಗಳ ಮಾಡ್ಕೊಂಡು ಆಚೆ ಹೋದೋರು ಗುಡಿಸಲು ಹಾಕ್ಕೊಂಡು, ಇದೂ ಮನೇನೇ ಅಂದ್ರೆ ಆಗುತ್ತಾ?"

ಪಾಸ್ಟ್ರಮ್ಮನ ಮುಖ ಬಿಳಿಚಿಕೊಂಡಿತು. "ನನ್ನ ಯಜಮಾನರು ಮೂವತ್ತು ವರ್ಷ ದುಡಿದ ಸಭೆಯನ್ನ ಗುಡಿಸಲು ಅಂದ್ರಿ... ಆಗಲಿ. ಸಭೆ ಅಂದ್ರೆ ಪೋಪಿನ ಗದ್ದುಗೆ ಅಲ್ಲ, ಗೋಪುರ ಅಲ್ಲ. ದೇವರ ವಾಕ್ಯ ಕೇಳಿ ನಂಬಿದವರು ಎಲ್ಲಿ ಕೂಡ್ತಾರೋ ಅದೇ ಸಭೆ. ಅದು ಮರದ ಕೆಳಗಾದ್ರೂ ಸರಿ!"

"ಮರದ ಕೆಳಗೆ ಕೂತೋರಿಗೆಲ್ಲ ಅಧಿಕಾರ ಕೊಟ್ಟೋರು ಯಾರು?"

"ನಿಮಗೆ ಸ್ವರ್ಗದ ಬೀಗದ ಕೈ ಕೊಟ್ಟೋರು, ನಮ್ಮನ್ನ ಹೊರಗೆ ನಿಲ್ಲಿಸಿ ಅಂತ ಹೇಳಿದ್ರಾ?"

ತೊಟ್ಟಿಲಲ್ಲಿ ಪುಟ್ಟಿ ಎಚ್ಚೆತ್ತು ಅಳತೊಡಗಿದಳು. ಅಜ್ಜನೂ ಅಜ್ಜಿಯೂ ಒಟ್ಟಿಗೆ ಕೈ ಚಾಚಿದರು. ಇಬ್ಬರ ಕೈಯೂ ತೊಟ್ಟಿಲ ಅಂಚಿನ ಮೇಲೆ ಡಿಕ್ಕಿ ಹೊಡೆದು ನಿಂತವು. ಇಬ್ಬರೂ ಬಿಡಲೊಲ್ಲರು, ಎತ್ತಲೊಲ್ಲರು. ಮಗು ಅಳುತ್ತಲೇ ಇತ್ತು.

"ಸಾಕು ಮಾಡಿ!" ಸೊಸೆ ಚೀರಿದಳು. "ಮಗೂಗೆ ಸ್ನಾನ ಆಗಿದೆ... ಎಂಟು ತಿಂಗಳ ಹಿಂದೇನೇ ಆಗಿದೆ!"

ಗಂಡ ಮೊದಲ ಬಾರಿಗೆ ಚಿಲಕದಿಂದ ಕೈ ತೆಗೆದ.

"ಯಾರು ಮಾಡಿಸಿದ್ದು?" ಅಪ್ಪ ಕೇಳಿದರು.

"ನಾನೇ ಅಪ್ಪಾ. ಆಸ್ಪತ್ರೇಲಿ ಹುಟ್ಟಿದ ತಕ್ಷಣ ಮಗು ನೀಲಿಗಟ್ಟಿತು. ನರ್ಸಮ್ಮ ಎದೆ ಉಜ್ಜಿದ್ರು, ಡಾಕ್ಟರನ್ನ ಕರೀತೀನಿ ಅಂತ ಓಡಿದ್ರು. ಉಳಿಯಲ್ಲ ಅನ್ನಿಸಿತು. ಮಂಚದ ಪಕ್ಕ ಕುಡಿಯೋ ನೀರಿನ ಲೋಟ ಇತ್ತು. ಹಣೆ ಮೇಲೆ ಮೂರು ಸಲ ಹುಯ್ದು, ದೀಕ್ಷೆಗೆ ಹೇಳಬೇಕಾದ ಮಾತು ಹೇಳಿದೆ..."

"ಯಾರನ್ನಾದ್ರೂ ಕರೀಬಾರದಿತ್ತಾ?" ಎಂದರು ಪಾಸ್ಟ್ರಮ್ಮ. "ನಾವೆಲ್ಲ ಬಾಗಿಲಲ್ಲೇ ಇದ್ವಲ್ಲ!"

"ಇದ್ರಿ ಅತ್ತೆ. ನೀವೂ ಇದ್ರಿ, ಅಪ್ಪಾನೂ ಇದ್ರು. ನೀವು ಪಾಸ್ಟರನ್ನ ಕರೆಸಿ ಅಂತಿದ್ರಿ, ಅಪ್ಪ ಫಾದರನ್ನ ಕರೆಸಿ ಅಂತಿದ್ರು. ಪರದೆ ಆಚೆ ನಿಮ್ಮ ಜಗಳ ನನಗೆ ಒಂದೊಂದು ಮಾತೂ ಕೇಳಿಸ್ತಿತ್ತು. ನಾನು ಕೂಗಿದ್ದು ಮಾತ್ರ ನಿಮಗೆ ಕೇಳಿಸಲಿಲ್ಲ!"

ಗಂಟೆಯಪ್ಪ ಮೆಲ್ಲಗೆ ಕುರ್ಚಿಯ ಮೇಲೆ ಕುಸಿದರು. ಪಾಸ್ಟ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೊಸೆ ಮಗುವನ್ನೆತ್ತಿ ಎದೆಗೊತ್ತಿಕೊಂಡಳು. ಹೇಳಿಬಿಟ್ಟೆ, ಇನ್ನಾದರೂ ಇವರು ನನ್ನನ್ನು ಉಸಿರಾಡಲು ಬಿಡುತ್ತಾರೆ ಎಂದು ಆ ಬಡಪಾಯಿ ನಂಬಿದಳು.

"ಆಪತ್ತಿನಲ್ಲಿ ಯಾರು ನೀರು ಹಾಕಿದ್ರೂ ಅದು ಸ್ನಾನವೇ," ಗಂಟೆಯಪ್ಪ ಕೊನೆಗೆ ಹೇಳಿದರು. "ಇನ್ನೊಮ್ಮೆ ಮಾಡೋ ಹಾಗಿಲ್ಲ."

"ನಮ್ಮಲ್ಲೂ ಇಲ್ಲ," ಪಾಸ್ಟ್ರಮ್ಮ ಒಪ್ಪಿದರು. ಮೂರು ವರ್ಷದಲ್ಲಿ ಬೀಗರಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು!

ಒಂದೇ ಕ್ಷಣ. ಅಷ್ಟರಲ್ಲಿ ಗಂಟೆಯಪ್ಪ ನೆಟ್ಟಗಾದರು. "ನೀರು ಹಾಕಿದವಳು ಕಥೋಲಿಕಳು. ಅಂದ ಮೇಲೆ ಮಗು ನಮ್ಮದು."

"ಅಲ್ಲಿ ಯಾವ ಫಾದರ್ ಇದ್ರು? ತಾಯಿಯ ನಂಬಿಕೆಯೊಂದೇ ಸಾಕಾಯ್ತು, ನಾವು ಹೇಳೋದೂ ಅದನ್ನೇ ಅಲ್ವಾ? ಮಗು ನಮ್ಮದು."

ಸೊಸೆ ಮಗುವನ್ನು ಅಪ್ಪಿಕೊಂಡೇ ಗೋಡೆಗೊರಗಿದಳು. ಬಾಗಿಲು ತೆರೆಯಿತೆಂದುಕೊಂಡದ್ದು ಮತ್ತೆ ಮುಚ್ಚಿತ್ತು. ಗಂಡನ ಕಡೆ ನೋಡಿದಳು. ಅವನು ಬಾಯಿ ತೆರೆದ, ಅಮ್ಮನ ಮುಖ ನೋಡಿದ, ಮುಚ್ಚಿದ.

"ಒಂದು ಭಾನುವಾರ ಅಲ್ಲಿಗೆ ಕರ್ಕೊಂಡು ಹೋಗಿ, ಒಂದು ಭಾನುವಾರ ಇಲ್ಲಿಗೆ," ಅವಳೇ ಹೇಳಿದಳು. "ದೊಡ್ಡವಳಾಗಿ ಅವಳೇ ಹೇಳ್ತಾಳೆ. ಆದ್ರೆ ಅವಳ ಎದುರಿಗೆ ಮಾತ್ರ ಹೀಗೆ ಕಿತ್ತಾಡಬೇಡಿ."

ಪಾಸ್ಟ್ರಮ್ಮ ಒಪ್ಪಿದರು, ಷರತ್ತಿನ ಮೇಲೆ. "ಮಗು ನಮ್ಮಲ್ಲಿ ಕೂತಿರೋವಾಗ ತಾಯಿ ಆ ಚರ್ಚಿಗೆ ಹೋಗಿ ಮಂಡಿಯೂರೋದು ಬೇಡ. ನೋಡಿದವರು ಆಡ್ಕೋತಾರೆ."

"ನಮ್ಮ ಸರದಿ ಬಂದಾಗ ನಿಮ್ಮಲ್ಲೂ ಕೂರೋ ಹಾಗಿಲ್ಲ," ಎಂದರು ಗಂಟೆಯಪ್ಪ. "ಇನ್ನು ನಮ್ಮಲ್ಲಿ... ಕೊಟ್ಟ ಮಾತು ಮುರಿದವಳು ಯಾವ ಮುಖ ಇಟ್ಕೊಂಡು ಪ್ರಸಾದಕ್ಕೆ ಬರ್ತಾಳೆ?"

ಅವಳು "ಹೂಂ" ಎಂದಳು. ಮೂರು ವರ್ಷ ಈ ಮನೆಯ ಚುಚ್ಚುಮಾತು ಸಹಿಸಿಕೊಂಡು ಪ್ರತಿ ಭಾನುವಾರ ಓಡಿಹೋಗಿ ತನ್ನ ಚರ್ಚಿನಲ್ಲಿ ಪಡೆಯುತ್ತಿದ್ದ ಪ್ರಸಾದದ ಆ ಚೂರು ರೊಟ್ಟಿ, ವಾರವಿಡೀ ಅವಳನ್ನು ನಿಲ್ಲಿಸಿದ್ದ ಆ ಒಂದು ಗಳಿಗೆ... ಅದನ್ನೂ ಒಂದು 'ಹೂಂ'ನಲ್ಲಿ ಕೊಟ್ಟುಬಿಟ್ಟಳು. ಅಪ್ಪ ಮಗುವಿನ ಕೆನ್ನೆ ಸವರಿ ಹೊರಟುಹೋದರು.

ಭಾನುವಾರ ಬೆಳಿಗ್ಗೆ ಪಾಸ್ಟ್ರಮ್ಮ ಮೊಮ್ಮಗಳಿಗೆ ಆ ಬಿಳಿ ಅಂಗಿಯನ್ನೇ ತೊಡಿಸಿ, ಎತ್ತಿಕೊಂಡು ಬೀದಿಗಿಳಿದರು. ಗಂಡ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಇಷ್ಟು ದಿನದ ಮೇಲೆ ಅವನಿಗೆ ಕೇಳಬೇಕೆನ್ನಿಸಿತ್ತು.

"ನೀನು... ನೀನೆಲ್ಲಿಗೆ ಹೋಗ್ತೀಯ?"

ಅವಳು ಯಂತ್ರದ ಮೇಲಿನ ತುಂಡುಬಟ್ಟೆಗಳನ್ನು ಒಟ್ಟು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಮಗೂನ ಕರೆಯೋಕೆ ಎರಡು ಕಡೆಯಿಂದಲೂ ಬಂದ್ರು. ನನ್ನನ್ನ ಯಾರೂ ಕರೀಲಿಲ್ಲವಲ್ರೀ..."

ಬೀದಿಯ ತಿರುವಿನಿಂದ ಪಾಸ್ಟ್ರಮ್ಮ ಮಗನನ್ನು ಕೂಗಿದರು. ಅವನು ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಹೋದ.