ಇಟ್ಟಿಗೆ ಪಾರ್ಸಲ್

ಎದುರಿನ ಹೋಟೆಲಿನ ದೋಸೆ ಮಾಸ್ಟರ್ ತನ್ನನ್ನು ಅಣಕಿಸುತ್ತಿದ್ದಾನೆ ಎಂದು ಯಶೋದಳಿಗೆ ಖಾತ್ರಿಯಾಗಿಬಿಟ್ಟಿತು. ಅವಳು ಬಲಗಾಲಿನ ಭಾರವನ್ನು ಎಡಗಾಲಿಗೆ ಹಾಕಿದರೆ ಅವನೂ ಕಾಲು ಬದಲಾಯಿಸುತ್ತಾನೆ. ಅವಳು ಹಿಮ್ಮಡಿ ಎತ್ತಿ ಇಳಿಸಿದರೆ ಅವನೂ ಎತ್ತಿ ಇಳಿಸುತ್ತಾನೆ. ಸಾಲದ್ದಕ್ಕೆ ಒಂದು ನಗು ಬೇರೆ.

ಮಧುಗಿರಿ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅವಳು ಕೆಲಸ ಮಾಡುವ ಸೀರೆ ಅಂಗಡಿ ಶಿರಾದ ಗುಲಾಮ್ ಮೊಹಿದ್ದೀನ್ ಸಾಹೇಬರದ್ದು. ಸಾಹೇಬರು ಒಳ್ಳೆಯವರೇ. ಆದರೆ ಅಂಗಡಿಯ ಸ್ಟೂಲುಗಳೆಲ್ಲ ಗಿರಾಕಿಗಳಿಗೆ ಮಾತ್ರ. ಸೇಲ್ಸ್‌ಗರ್ಲ್ ಕೂತಿದ್ದರೆ ಬಂದ ಗಿರಾಕಿ ಹಾಗೇ ಪಕ್ಕದಂಗಡಿಗೆ ಹೊರಟುಹೋಗುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ. ಹಾಗಾಗಿ ಯಶೋದ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲ ಗಾಜಿನ ಹಿಂದೆ, ರೇಷ್ಮೆ ಸೀರೆ ಉಡಿಸಿದ ಗೊಂಬೆಯ ಪಕ್ಕದಲ್ಲಿ ನಿಂತಿರುತ್ತಾಳೆ. ಗೊಂಬೆಗೆ ಕಾಲು ನೋಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಅವತ್ತು ಊಟದ ಬಿಡುವಿನಲ್ಲಿ ಅವಳು ಸೀದಾ ರಸ್ತೆ ದಾಟಿದಳು.

"ಏನ್ರೀ, ನೋವು ಅನ್ನೋದು ನಿಮಗೆ ತಮಾಷೆನಾ? ನನ್ನ ನೋಡ್ಕೊಂಡು ಅಣಕ ಆಡ್ತಿದ್ದೀರಲ್ಲ!"

ಅವನು ಬೆಚ್ಚಿಬಿದ್ದ. ಪಾವಗಡದ ಕಡೆಯವನು. ಗಾಬರಿಯಾದರೆ ತೆಲುಗು ಮೊದಲು ಬರುತ್ತದೆ.

"ಕಾದಂಡಿ... ಅಲ್ಲ ಮೇಡಂ! ಇಲ್ಲಿ ಬಂದು ಒಂದ್ಸಲ ನೋಡಿ."

ಅವಳು ದೋಸೆ ಹೆಂಚಿನ ಸ್ಟ್ಯಾಂಡನ್ನು ಸುತ್ತಿಕೊಂಡು ಹೋಗಿ ನೋಡಿದಳು. ನೆಲದ ಮೇಲೆ ಮಡಿಸಿದ ಗೋಣಿಚೀಲ, ಅದರ ಪಕ್ಕ ಒಂದು ಇಟ್ಟಿಗೆ.

"ಒಂದು ಕಾಲು ಇಟ್ಟಿಗೆ ಮೇಲೆ ಇಟ್ಕೊಂಡ್ರೆ ಸೊಂಟ ಹಗುರ ಆಗ್ತದೆ. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸ್ಬೇಕು. ನೀವು ಬರೀ ಟೈಲ್ಸ್ ಮೇಲೆ ಅಂಗೇ ನಿಂತ್ಕಂಡು ಒದ್ದಾಡ್ತಿದ್ರಿ. ಸನ್ನೆ ಮಾಡಿ ಹೇಳಾನ ಅಂತಿದ್ದೆ."

"ಮತ್ತೆ ನಗ್ತಿದ್ದಿದ್ದು ಯಾಕೆ?"

ಅವನು ಸಟ್ಟುಗ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತ. ಹೆಂಚಿನ ಮೇಲಿನ ದೋಸೆ ಸೀದು ಹೋಯಿತು. ಅವನ ಹೆಸರು ಓಬಳೇಶ ಎಂದು ಅವಳಿಗೆ ತಿಳಿದದ್ದು ಆಗಲೇ, ಹೋಟೆಲಿನ ಮಾಲೀಕ ದೊಡ್ಡರಂಗಯ್ಯ ಒಳಗಿನಿಂದ ಆ ಹೆಸರು ಹಿಡಿದು ಕೂಗಿದ್ದರಿಂದ.

ಮರುದಿನ ಅಂಗಡಿಗೆ ಅವಳ ಹೆಸರಿಗೆ ಒಂದು ಪಾರ್ಸಲ್ ಬಂತು. ಬಾಳೆಲೆ, ಪೇಪರು, ದಾರ, ಎಲ್ಲ ದೋಸೆ ಪಾರ್ಸಲಿನ ಹಾಗೇ. ಕೈಗೆ ತೆಗೆದುಕೊಂಡ ಲಕ್ಷ್ಮೀದೇವಿ ಭಾರಕ್ಕೆ ಬಗ್ಗಿಹೋದಳು. ಅವಳು ಅಂಗಡಿಯ ಹಳೆಯ ಸೇಲ್ಸ್‌ಗರ್ಲ್, ಎರಡು ಮಕ್ಕಳ ತಾಯಿ, ಯಶೋದಳ ಪಾಲಿಗೆ ಲಕ್ಷ್ಮಕ್ಕ. ಬಿಚ್ಚಿ ನೋಡಿದರೆ ಒಳಗೊಂದು ಇಟ್ಟಿಗೆ. ತೊಳೆದು, ಅಂಚು ಉಜ್ಜಿ ನುಣುಪು ಮಾಡಿ, ಗೋಣಿ ಸುತ್ತಿ ಹೊಲಿದಿದ್ದ ಓಬಳೇಶ.

"ಅಯ್ಯೋ ನನ್ನವ್ವ! ಹೂವ ಕೊಡೋರ್ನ ನೋಡಿದೀನಿ, ಬಳೆ ಕೊಡೋರ್ನ ನೋಡಿದೀನಿ. ಇಟ್ಟಿಗೆ ಕೊಡೋನ್ನ ಇವತ್ತೇ ನೋಡಿದ್ದು ಕಣಮ್ಮ," ಎಂದು ನಕ್ಕ ಲಕ್ಷ್ಮೀದೇವಿ, ರಸ್ತೆಯಾಚೆ ನೋಡಿ ದನಿ ತಗ್ಗಿಸಿದಳು. "ಅಲ್ನೋಡು, ಇಟ್ಟಿಗೆ ಮೇಲೆ ಕಾಲಿಟ್ಕಂಡು ಕಾಯ್ತಾವ್ನೆ ನಿನ್ನ ಪಾಂಡುರಂಗ."

ಯಶೋದಳ ಕೆನ್ನೆ ಬಿಸಿಯಾಯಿತು. ಗೊಂಬೆಯ ಸೆರಗಿನ ಮರೆಯಲ್ಲಿ ಇಟ್ಟಿಗೆಯನ್ನಿಟ್ಟು ಅದರ ಮೇಲೆ ಎಡಗಾಲು ಊರಿದಳು. ಸೊಂಟದ ಬಿಗಿ ನಿಜವಾಗಿಯೂ ಸಡಿಲವಾಯಿತು.

ಅಲ್ಲಿಂದ ಶುರುವಾಯಿತು. ಓಬಳೇಶ ಸಟ್ಟುಗವನ್ನು ಮೇಲೆತ್ತಿದರೆ ಕಾಲು ಬದಲಾಯಿಸು ಎಂದರ್ಥ. ಅವನು ಮರೆತರೆ ಅವಳು ಕೈಯಲ್ಲಿದ್ದ ಸೀರೆಯನ್ನು ಕೊಡವಿ ನೆನಪಿಸುತ್ತಿದ್ದಳು. ಪಾವಗಡದ ಬಸ್ಸು ನಡುವೆ ಅಡ್ಡ ನಿಂತರೆ ಇಬ್ಬರಿಗೂ ಸಿಟ್ಟು. ಬಸ್ಸು ಹೋದ ಮೇಲೆ ಇಬ್ಬರೂ ಒಟ್ಟಿಗೆ ಹಿಮ್ಮಡಿ ಎತ್ತಿ ಇಳಿಸುವುದು, ನೋಡದವರ ಹಾಗೆ ನೋಡುವುದು. ಮಾತು ಮಾತ್ರ ಅವಳು ಕಾಫಿಗೆ ಹೋದಾಗ, ಅದೂ ಹೆಂಚಿನ ಹೊಗೆಯ ನಡುವೆ.

"ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಟ್ಕಂತೀರಾ?" ಎಂದು ಓಬಳೇಶ ಒಂದು ದಿನ ಕೇಳಿದ.

"ಹ್ಞೂಂ. ಹೊಳವನಹಳ್ಳಿ ಬಸ್ಸಲ್ಲೂ ನಿಂತೇ ಹೋಗೋದಲ್ವಾ? ಮನೆ ಸೇರೋ ಹೊತ್ತಿಗೆ ಕಾಲು ನಂದೇ ಅಲ್ಲ ಅನ್ಸುತ್ತೆ."

"ಒಂದು ವಿಷ್ಯ ಗೊತ್ತಾ? ನೀವು ಕೂತಿದ್ದನ್ನ ನಾನು ಒಂದಿನಾನೂ ನೋಡಿಲ್ಲ."

"ನಾನಾದ್ರೂ ನಿಮ್ಮನ್ನ ಎಲ್ಲಿ ನೋಡಿದೀನಿ?"

ಅವರ ಪ್ರೀತಿ ಹೀಗೆ ನಿಂತಲ್ಲೇ ಬೆಳೆಯಿತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಬೇಸಿಗೆ ಬಂತು. ಮಧುಗಿರಿ ಬೆಟ್ಟ ಹಗಲೆಲ್ಲ ಕಾದು ಸಂಜೆಗೂ ಬಿಸಿ ಉಗುಳುವ ದಿನಗಳು. ಯಶೋದಳ ಮೀನಖಂಡದಲ್ಲಿ ನೀಲಿ ನರಗಳು ಉಬ್ಬಿಕೊಂಡವು. ನಿಂತು ಮಾಡುವ ಕೆಲಸ ಬಿಡದಿದ್ದರೆ ಇದು ಜಾಸ್ತಿಯಾಗುತ್ತದೆ, ಹುಣ್ಣೂ ಆಗಬಹುದು ಎಂದು ಡಾಕ್ಟರು ಹೇಳಿದರು. ವಿಷಯ ಕೇಳಿದ ಸಾಹೇಬರು ಮರುಮಾತಿಲ್ಲದೆ ಕ್ಯಾಶ್ ಕೌಂಟರ್ ತೋರಿಸಿದರು.

"ನಾಳೆಯಿಂದ ಅಲ್ಲಿ ಕೂತ್ಕೊ ಬೇಟಿ. ಕುರ್ಚಿ ಐತೆ, ಫ್ಯಾನ್ ಐತೆ. ಕಾಲಿಗೆ ಆರಾಮ್."

ಕ್ಯಾಶ್ ಕೌಂಟರ್ ಅಂಗಡಿಯ ಹಿಂದುಗಡೆ, ದಪ್ಪ ಕಂಬದ ಮರೆಯಲ್ಲಿತ್ತು. ಅಲ್ಲಿ ಕೂತರೆ ಸೀರೆಗಳ ಗೋಡೆ ಕಾಣುತ್ತದೆ. ರಸ್ತೆ ಕಾಣುವುದಿಲ್ಲ.

"ಬೇಡ ಸಾಹೇಬ್ರೆ. ನಾನು ಬಾಗಿಲಲ್ಲೇ ಇರ್ತೀನಿ," ಎಂದಳು ಯಶೋದ.

"ತಲೆ ಕೆಟ್ಟೈತೇನೆ?" ಎಂದು ಲಕ್ಷ್ಮೀದೇವಿ ಬೈದಳು. "ಕಾಲು ಹೋದ್ಮೇಲೆ ಯಾವ ಪಾಂಡುರಂಗ ಬತ್ತಾನೆ?"

ಯಶೋದ ಬಾಗಿಲಿಗೆ ಮರಳಿದಳು. ಕಾಲು ನೋಯುತ್ತದೆ, ನಿಜ. ಆದರೆ ಆ ಸಟ್ಟುಗ ಮೇಲೇಳುವುದನ್ನು ನೋಡದ ದಿನ ಅದಕ್ಕಿಂತ ಹೆಚ್ಚು ನೋಯುತ್ತದೆ ಎಂದು ಯಾರಿಗೆ ಹೇಳುವುದು? ಇಟ್ಟಿಗೆಯ ಮೇಲೆ ಕಾಲು ಬದಲಾಯಿಸಿದಳು. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ.

ಎರಡು ದಿನ ಬಿಟ್ಟು ನೋಡಿದರೆ ಹೆಂಚಿನ ಮುಂದೆ ಬೇರೆ ಯಾರೋ ನಿಂತಿದ್ದರು.

ಅವಳು ಕಾಫಿಯ ನೆಪ ಮಾಡಿಕೊಂಡು ಓಡಿದಳು. "ಓಬಳೇಶನಾ? ಒಳಗವ್ನೆ," ಎಂದರು ದೊಡ್ಡರಂಗಯ್ಯ. "ರುಬ್ಬೋ ಕೆಲ್ಸಕ್ಕೆ ಹಾಕಿ ಅಂತ ಅವನೇ ಕೇಳ್ಕಂಡ. ಮುಂದಕ್ಕೆ ಬರಲ್ವಂತೆ."

ಅವನೇ ಕೇಳಿಕೊಂಡನಂತೆ. ಕಾಫಿ ಲೋಟ ಅಲ್ಲೇ ಬಿಟ್ಟು ಬಂದಳು. ಒಂದು ವಾರ ಬಾಗಿಲಲ್ಲಿ ನಿಂತು ನೋಡಿದಳು. ಹೊಸ ಮಾಸ್ಟರ್ ದೋಸೆ ಹುಯ್ಯುತ್ತಲೇ ಇದ್ದ, ಅಡುಗೆಮನೆಯ ಬಾಗಿಲ ಪರದೆ ಒಮ್ಮೆಯೂ ಅವಳಿಗಾಗಿ ಸರಿಯಲಿಲ್ಲ. ತಾನು ಕಂಡಿದ್ದೆಲ್ಲ ಬರೀ ಕಾಲುನೋವಿನ ಸ್ನೇಹವೇ? ಬಸ್ಸಿನ ಕಂಬಿಗೆ ಒರಗಿಕೊಂಡು, ಯಾರಿಗೂ ಕಾಣದ ಹಾಗೆ ಅತ್ತಳು. ಮಾರನೇ ದಿನ ಹೋಗಿ ಆ ಕುರ್ಚಿಯಲ್ಲಿ ಕೂತುಬಿಟ್ಟಳು.

ಕುರ್ಚಿ ಎತ್ತರವಿತ್ತು, ಪಾದ ನೆಲಕ್ಕೆ ಎಟುಕುತ್ತಿರಲಿಲ್ಲ. ಇಟ್ಟಿಗೆಯನ್ನು ತಂದು ಕಾಲ ಕೆಳಗಿಟ್ಟುಕೊಂಡಳು. ಬಿಸಾಕಲು ಮನಸ್ಸಾಗಲಿಲ್ಲ.

ಊತ ಇಳಿಯಿತು. ಎದೆಯ ಭಾರ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಬಿಲ್ ಹಾಕುತ್ತ ತಲೆಯೆತ್ತಿದರೆ ಕೌಂಟರಿನ ಮುಂದೆ ಓಬಳೇಶ. ಮೊಣಕೈವರೆಗೂ ಹಿಟ್ಟು. ಅವಳನ್ನೇ ನೋಡುತ್ತಿದ್ದ, ಕಣ್ಣು ತುಂಬ.

"ಏನು ಬೇಕಿತ್ತು?" ಅವಳು ಬೇಕೆಂದೇ ಗಿರಾಕಿಯ ಜೊತೆ ಮಾತಾಡುವ ಹಾಗೆ ಕೇಳಿದಳು.

"ಏನೂ ಬೇಡ. ನೀವು ಕೂತಿರೋದ್ನ ನೋಡಾನ ಅಂತ ಬಂದೆ."

"ನೋಡಾಯ್ತಲ್ಲ. ಹೊರಡಿ. ಮುಖ ತೋರಿಸೋಕೂ ಇಷ್ಟ ಇಲ್ದೆ ಒಳಗೆ ಸೇರ್ಕೊಂಡೋರಿಗೆ ಇಲ್ಲೇನು ಕೆಲಸ?"

"ಇಷ್ಟ ಇಲ್ದೇನಾ?" ಅವನು ಕೌಂಟರಿಗೆ ಇನ್ನೂ ಹತ್ತಿರ ಬಂದ. "ನಂಗೋಸ್ಕರ ನೀವು ಕುರ್ಚಿ ಬೇಡ ಅಂದ್ರಂತೆ. ಲಕ್ಷ್ಮಕ್ಕ ಬಂದು ಹೇಳಿದ್ರು. ನಾನು ಅಲ್ಲಿ ನಿಂತಿರೋಗಂಟ ನೀವು ಕೂರಲ್ಲ. ಅದಕ್ಕೇ ಒಳೀಕೆ ಹೋಗ್ಬುಟ್ಟೆ ಕಣ್ರಿ. ದಿನಾ ಪರದೆ ಸಂದಿನಾಗೆ ನೋಡ್ತಿದ್ದೆ. ನೀವು ಅಲ್ಲೇ ನಿಂತಿರ್ತಿದ್ರಿ. ನನ್ನ ಕರುಳು ಕಿತ್ತು ಬರ್ತಿತ್ತು. ನೀವು ಬಾಗಿಲಾಗೆ ಕಾಣಿಸ್ದೆ ಇದ್ದ ದಿನಾನೇ ನಂಗೆ ನಿದ್ದೆ ಬಂದಿದ್ದು."

ಯಶೋದಳ ಕಣ್ಣೆದುರಿನ ಬಿಲ್ ಮಸುಕಾಯಿತು. ಕಂಬದಾಚೆ ಲಕ್ಷ್ಮೀದೇವಿ ಒಂದೇ ಸೀರೆಯನ್ನು ಮತ್ತೆ ಮತ್ತೆ ಮಡಿಸುತ್ತಿದ್ದಳು.

"ಹೇಳಿ ಹೋಗ್ಬಾರ್ದಿತ್ತಾ?"

"ಹೇಳಿದ್ರೆ ನೀವು ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಗಿರಾಕಿಗಳ ಸ್ಟೂಲನ್ನು ಕಾಲಿನಿಂದಲೇ ಅವನ ಕಡೆ ತಳ್ಳಿದಳು.

"ಮೊದ್ಲು ಕೂತ್ಕೊಳಿ. ನಿಮ್ಮ ಕಾಲೇನು ಕಬ್ಬಿಣದ್ದಾ?"

ಅವನು ಕೂತ. ಕೂರುವಾಗ ಕೌಂಟರಿನ ಕೆಳಗೆ ಅವಳ ಪಾದ ಕಂಡಿತು, ಪಾದದ ಕೆಳಗೆ ತಾನು ಹೊಲಿದ ಗೋಣಿಯೂ ಕಂಡಿತು. ಅವನ ಮುಖದಲ್ಲಿ ಆ ಹಳೆಯ ನಗು ಮೂಡಿತು. ಮೊದಲ ದಿನ ಯಾಕೆ ನಗುತ್ತಿದ್ದಿರಿ ಎಂದು ಅವಳು ಈಗ ಕೇಳಲಿಲ್ಲ. ಇಬ್ಬರ ಮುಖವೂ ಒಂದೇ ಎತ್ತರದಲ್ಲಿ, ಇಷ್ಟು ಹತ್ತಿರದಲ್ಲಿ ಬಂದದ್ದು ಇದೇ ಮೊದಲು. ಸಾಹೇಬರು ಆಚೆಯಿಂದ ನೋಡಿ, ಏನೂ ಕಾಣದವರ ಹಾಗೆ ಬೀದಿಗೆ ಹೋದರು.

"ಬರೋ ಭಾನುವಾರ ನಮ್ಮವ್ವನ್ನ ಕರ್ಕಂಡು ಹೊಳವನಹಳ್ಳಿಗೆ ಬರ್ಲಾ?" ಎಂದು ಓಬಳೇಶ ಮೆಲ್ಲಗೆ ಕೇಳಿದ.

"ಬನ್ನಿ." ಅವಳು ತಲೆ ತಗ್ಗಿಸಿದಳು. ತುಟಿಯಂಚಿನಲ್ಲಿ ತುಂಟತನವಿತ್ತು. "ಆದ್ರೆ ಹೆಣ್ಣು ನೋಡೋಕೆ ಬಂದೋರು 'ಎದ್ದು ನಿಂತ್ಕೊಳಮ್ಮ, ಎತ್ತರ ನೋಡಾನ' ಅಂತಾರಲ್ಲ. ನಿಮ್ಮವ್ವನೂ ಹಂಗಂದ್ರೆ ಏನ್ಮಾಡ್ಲಿ?"

"ಏಳ್ಬೇಡಿ," ಎಂದ ಓಬಳೇಶ. "ನಿಂತಿರೋದ್ನ ನಾನು ಬೇಕಾದಷ್ಟು ನೋಡಿದೀನಿ ಅಂತ ಅವ್ವಂಗೆ ಹೇಳ್ತೀನಿ."