ನಿಂತೇ ಇದ್ದ ಬಾಟಲಿ

"ಪುಟ್ಟೀ... ಬಾಟಲಿನ ಬಿಸಿಲಿಗೆ ಯಾರಮ್ಮ ಇಟ್ಟಿದ್ದು? ಅದೇನು ಒಗೆದ ಬಟ್ಟೇನಾ?"

ಅಪ್ಪನ ದನಿ!

ಗಾಜಿನ ಲೋಟ ಒರೆಸುತ್ತಿದ್ದ ಅವಳ ಕೈ ಹಾಗೇ ನಿಂತಿತು. ಅದೇ ಕೆಮ್ಮು, ಅದೇ ಎಳೆದು ಕರೆಯುವ 'ಪುಟ್ಟೀ'... ಆದರೆ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತಲ್ಲ!

ಮೆಲ್ಲನೆ ತಿರುಗಿದಳು. ಬಾಗಿಲಲ್ಲಿ ಹೆಗಲಿಗೆ ಚೀಲ ತಗುಲಿಸಿಕೊಂಡು ಹಲ್ಲು ಕಿರಿಯುತ್ತಾ ನಿಂತಿದ್ದ... ಗಿಳಿರಾಯ!

ಒಂದು ಕಾಲದಲ್ಲಿ ಇದೇ ವೈನ್ ಅಂಗಡಿಯಲ್ಲಿ ಕೆಲಸ ಕಲಿತವನು. ಗಿರಾಕಿ ಮೆಟ್ಟಿಲಿಳಿಯುವ ಮೊದಲೇ ಅವರ ದನಿ ತೆಗೆದು ಅವಳನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಆ ಹೆಸರು ಅಪ್ಪನೇ ಇಟ್ಟಿದ್ದು. ಆಮೇಲೊಂದು ದಿನ ವೈನ್ ಮಾಡುವುದನ್ನು ಕಲಿಯುತ್ತೇನೆಂದು ದೂರದ ದ್ರಾಕ್ಷಿ ತೋಟಕ್ಕೆ ಹೋದವನು, ಹೋದವನೇ.

"ಏನ್ ಚಿಕ್ಕ ಧಣೀ, ಎಲ್ಲಾ ವೈನಾಗಿದೆಯಾ? ದೊಡ್ಡ ಧಣಿ ಎಲ್ಲಿ, ಒಳಗೆ ನಿದ್ದೆನಾ?"

"ಅಪ್ಪ ಇಲ್ಲ ಕಣೋ... ಹೋಗ್ಬಿಟ್ರು."

ಅವನ ಹೆಗಲಿನ ಚೀಲ ಜಾರಿ ನೆಲಕ್ಕೆ ಬಿತ್ತು.

"ನಂಗೆ... ನಂಗೆ ಗೊತ್ತಿರ್ಲಿಲ್ಲ. ಥೂ! ನನ್ನ ನಾಲಿಗೆಗೆ ಬೀಗ ಹಾಕ್ಬೇಕು."

"ಬೇಡ ಬಿಡು," ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ದನಿ ಕೇಳಿ ಎಷ್ಟು ಕಾಲ ಆಗಿತ್ತು..."

ಅವನು ಬಿದ್ದ ಚೀಲವನ್ನೆತ್ತಿ ಮತ್ತೆ ಹೆಗಲಿಗೇರಿಸಿಕೊಂಡ.

"ಒಂದು ಬಾಟಲಿ ಬೇಕಿತ್ತು," ಅವನೆಂದ. "ಸಂಜೆ ರೈಲಿದೆ. ಆ ತೋಟದಲ್ಲೇ ಕೆಲಸ ಖಾಯಂ ಮಾಡ್ತಾರಂತೆ. ಇನ್ನು ಈ ಕಡೆ ಬರೋದಿಲ್ಲ."

ಬರೋದಿಲ್ಲವಂತೆ! ಅವಳೊಳಗೆ ಏನೋ ಚೂರಾಯಿತು. ಆದರೂ ಅಪ್ಪ ಕಲಿಸಿದ ಕೆಲಸ ಕೈಹಿಡಿಯಿತು. ಕೆಂಪೋ ಬಿಳಿಯೋ, ದುಬಾರಿಯೋ ಅಗ್ಗವೋ ಎಂದು ಈ ಅಂಗಡಿಯಲ್ಲಿ ಮೊದಲು ಕೇಳುವುದಿಲ್ಲ. ಇಲ್ಲಿಯ ಪ್ರಶ್ನೆಯೇ ಬೇರೆ.

"ಯಾರ ಜೊತೆ ಕುಡಿಯೋಕೆ?"

ಗಿರಾಕಿ ಮಾವನ ಜೊತೆ ಎಂದರೆ ಅಪ್ಪ ಮೆತ್ತಗಿನದೊಂದು ತೆಗೆದುಕೊಡುತ್ತಿದ್ದರು. ಮುನಿಸಿಕೊಂಡ ಹೆಂಡತಿಯ ಜೊತೆ ಎಂದರೆ, "ತಣ್ಣಗಾಗೋವರೆಗೂ ಮುಟ್ಟಬೇಡಿ ಸ್ವಾಮಿ... ವೈನನ್ನ!" ಎನ್ನುತ್ತಿದ್ದರು.

"ಯಾರ ಜೊತೆಗೂ ಇಲ್ಲ. ಒಬ್ನೇ," ಎಂದ ಗಿಳಿರಾಯ.

ಒಬ್ಬರೇ ಕುಡಿಯುವವರಿಗೆ ಅಪ್ಪ ಅರ್ಧ ಬಾಟಲಿಗಿಂತ ಹೆಚ್ಚು ಕೊಟ್ಟವರಲ್ಲ. ಅದನ್ನು ತರಲು ಅವಳು ಒಳಗೆ ಹೋದಳು.

'ಹೋಗುವಾಗ ಬಾಟಲಿಯೊಂದನ್ನ ಕೈಗಿಟ್ಟು, ನಾನು ಬಂದ್ಮೇಲೆ ಒಟ್ಟಿಗೆ ತೆಗೆಯೋಣ ಅಂದಿದ್ದನಲ್ಲ... ಈಗ ಒಬ್ನೇ ಅಂತೆ, ಒಬ್ನೇ!'

ಹೊರಗೆ ಬಂದಾಗ ಅವನು ಗಲ್ಲಾಪೆಟ್ಟಿಗೆಯ ಎದುರಿನ ಗೋಡೆಯನ್ನೇ ದಿಟ್ಟಿಸುತ್ತಿದ್ದ. ಅಲ್ಲಿ ಪುಟ್ಟ ಹಲಗೆಯ ಮೇಲೆ ಒಂದು ಬಾಟಲಿ ನೆಟ್ಟಗೆ ನಿಂತಿತ್ತು.

"ಇದು... ಇಲ್ಲಿ?"

"ನೀನು ಕೊಟ್ಟಿದ್ದೇ. ಮರೆತುಹೋಯ್ತಾ?"

"ಮರೆಯೋದಾ!" ಅವನು ಹಲಗೆಯತ್ತ ಹೆಜ್ಜೆ ಇಟ್ಟ. "ಹೋದ ಮರುವರ್ಷವೇ ಬಂದಿದ್ದೆ ಕಣೇ. ನೀನು ಗಿರಾಕಿಗಳ ಮಧ್ಯೆ ನಗ್ತಾ ಇದ್ದೆ. ಕಿಟಕಿಯಿಂದಲೇ ಮೂಲೆಯ ಗೂಡು ನೋಡ್ದೆ, ನಾವಿಬ್ರೂ ಸೇರಿ ಇದನ್ನ ಮಲಗಿಸಿದ್ವಲ್ಲ, ಆ ಗೂಡು. ಖಾಲಿ! ಈ ಗೋಡೆ ಅಲ್ಲಿಂದ ಕಾಣ್ತಿರ್ಲಿಲ್ಲ. ಬೇರೆ ಯಾರ ಜೊತೆಗೋ ತೆಗೆದ್ಬಿಟ್ಟಿದಾಳೆ ಅಂದ್ಕೊಂಡು ಹಾಗೇ ವಾಪಸ್ ಹೋದೆ."

"ಒಳಗೆ ಬಂದು ಒಂದು ಮಾತು ಕೇಳೋಕೆ ಏನಾಗಿತ್ತು? ಊರವರ ದನಿಯೆಲ್ಲಾ ತೆಗೀತೀಯ, ನಿನ್ನ ದನಿ ಮಾತ್ರ ಹೊರಡಲ್ಲ ಅಲ್ವಾ?"

ಅವನು ಬಾಟಲಿಯ ಕುತ್ತಿಗೆಯನ್ನು ಬೆರಳಿನಿಂದ ಮುಟ್ಟಿದ.

"ಆದ್ರೂ... ಬಾಟಲಿನ ಯಾರಾದ್ರೂ ನಿಲ್ಲಿಸ್ತಾರೇನೇ? ಕಾರ್ಕ್ ಒಣಗುತ್ತೆ, ಗಾಳಿ ನುಗ್ಗುತ್ತೆ, ವೈನ್ ಕೆಡುತ್ತೆ ಅಂತ ಮೊದಲ್ನೇ ದಿನ ನಂಗೆ ಪಾಠ ಹೇಳಿದವಳೇ ನೀನು!"

"ಗೊತ್ತಿತ್ತು..." ಅವಳ ದನಿ ಒಡೆಯಿತು. "ಮಲಗಿಸಿದ್ರೆ ಆ ಕತ್ತಲಲ್ಲಿ ತಳ ಮಾತ್ರ ಕಾಣ್ತಿತ್ತು. ಇಲ್ಲಿ ನಿಲ್ಲಿಸಿದ್ರೆ ಕೂತಲ್ಲಿಂದಲೇ ಪೂರ್ತಿ ಕಾಣುತ್ತೆ. ದಿನಾ ನೋಡ್ಬೇಕು ಅನ್ನಿಸ್ತಿತ್ತು ಕಣೋ. ಅಪ್ಪನೂ ಬೈಲಿಲ್ಲ. ಧೂಳು ಒರೆಸಿ ಮತ್ತೆ ಅಲ್ಲೇ ನಿಲ್ಲಿಸ್ತಿದ್ರು."

ಗಿಳಿರಾಯ ಬಾಟಲಿಯನ್ನು ಕೆಳಗಿಳಿಸಿದ. ಕಾರ್ಕ್ ಪುಡಿಪುಡಿಯಾಗಿ ಬಂತು. ಎರಡು ಲೋಟ. ಒಂದೊಂದು ಗುಟುಕು.

ಇಬ್ಬರೂ ಮುಖ ಕಿವುಚಿದರು!

ಅವನು ಮೂಗೇರಿಸಿ, ಪ್ರತಿ ವಾರ ಬಂದು ತಪ್ಪು ಹುಡುಕುತ್ತಿದ್ದ ನಿವೃತ್ತ ಜಡ್ಜ್ ಸಾಹೇಬರ ದನಿ ತೆಗೆದ. "ಮೊದಲಿಗೆ ಹುಳಿ... ನಡುವೆ ಹುಳಿ... ಕೊನೆಗೆ, ಆಹಾ, ಇನ್ನಷ್ಟು ಹುಳಿ!"

ಅವಳು ನಕ್ಕಳು. ಅಪ್ಪ ಹೋದ ಮೇಲೆ ಹಾಗೆ ನಕ್ಕಿರಲೇ ಇಲ್ಲ. ನಗುನಗುತ್ತಲೇ ಅತ್ತಳು.

"ಈಗ ಮಾತಾಡೋದು ಜಡ್ಜೂ ಅಲ್ಲ, ನಿಮ್ಮಪ್ಪಾನೂ ಅಲ್ಲ. ನಾನೇ," ಅವನು ತಡವರಿಸಿದ. "ಆ ರೈಲು ಹತ್ತೋಕೆ ನಂಗೆ ಇಷ್ಟ ಇಲ್ಲ. ನಿನ್ನ ಬಿಟ್ಟು ಇರೋಕೆ ಆಗಲ್ಲ ಕಣೇ... ಇಲ್ಲೇ ಇರ್ಲಾ?"

ಅವಳು ಅರ್ಧ ಬಾಟಲಿಯನ್ನು ಎತ್ತಿಕೊಂಡು ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿದ್ದುದು ತುಂಬು ಬಾಟಲಿ.

"ಯಾರ ಜೊತೆ ಕುಡಿಯೋಕೆ?"

"ನಿನ್ನ ಜೊತೆ."

"ಇವತ್ತೇ ತೆಗೀಬೇಕಾ, ಇಡ್ಬೇಕಾ?"

"ಇಡು. ಇಬ್ರಿಗೂ ತಲೆ ಹಣ್ಣಾದ್ಮೇಲೆ ತೆಗೆಯೋಣ."

ಅವಳು ಮೂಲೆಯ ಖಾಲಿ ಗೂಡಿನ ಮುಂದೆ ಮಂಡಿಯೂರಿದಳು.

"ಹಾಗಾದ್ರೆ ಇದನ್ನ ಮಲಗಿಸ್ತೀನಿ," ಎಂದಳು ಮೆಲ್ಲಗೆ. "ಇನ್ಮೇಲೆ ದಿನಾ ನೋಡೋಕೆ... ನೀನೇ ಇರ್ತೀಯಲ್ಲ."